ಓದುಗರ ಪ್ರಶ್ನೆ, ನಮ್ಮ ಉತ್ತರ: ರಿಟೈರ್ ಆಗೋಕೆ ಎಷ್ಟು ದುಡ್ಡು ಬೇಕು, ಅದೂ ಯಾವ ದೇಶದಲ್ಲಿ?

ಹೋದ ಸಂಚಿಕೆಯಲ್ಲಿ ನಿವೃತ್ತಿ ಬಗ್ಗೆ ಪ್ರಶ್ನೆ ಕಳಿಸಿ ಅಂದಿದ್ವಿ. ಬಂದಿದ್ದರಲ್ಲಿ ಅರ್ಧಕ್ಕಿಂತ ಜಾಸ್ತಿ ಒಂದೇ ಥರದ್ದು, ಇಷ್ಟು ಉಳಿಸಿದೀನಿ ಸಾಕಾಗುತ್ತಾ, ಇಲ್ಲಿ ಸಾಕಾಗದಿದ್ರೆ ಬೇರೆ ದೇಶಕ್ಕೆ ಹೋದ್ರೆ ಸಾಕಾಗುತ್ತಾ ಅಂತ. ಹಾಗಾಗಿ ಈ ಸಲದ ಅಂಕಣ ಪೂರ್ತಿ ಅದಕ್ಕೇ. ಒಂದೇ ರೀತಿ ಇದ್ದ ಪ್ರಶ್ನೆಗಳನ್ನ ಸೇರಿಸಿ ಒಂದು ಮಾಡಿದೀನಿ, ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಮೇಡಂ, ಒಂದೇ ಮೊತ್ತ ಒಂದು ದೇಶದಲ್ಲಿ ಕಷ್ಟದ ಬದುಕು, ಇನ್ನೊಂದು ದೇಶದಲ್ಲಿ ಆರಾಮದ ಬದುಕು ಅಂತಾರಲ್ಲ, ಅದು ಹೇಗೆ? ಡಾಲರ್ ಡಾಲರೇ ಅಲ್ವಾ?

ಉತ್ತರ: ಡಾಲರ್ ಡಾಲರೇ, ಆದ್ರೆ ಅದನ್ನ ಕೊಟ್ಟು ಏನು ತಗೊಳ್ತೀರಿ ಅನ್ನೋದರ ಮೇಲೆ ಎಲ್ಲಾ ಇದೆ. ಎಕ್ಸ್‌ಚೇಂಜ್ ರೇಟ್ ನಿರ್ಧಾರ ಆಗೋದು ದೇಶದಿಂದ ದೇಶಕ್ಕೆ ಓಡಾಡೋ ವಸ್ತು ಮತ್ತು ಬಂಡವಾಳದ ಮೇಲೆ, ಅಂದ್ರೆ ತೈಲ, ಕಾರು, ಫೋನು, ಶೇರು, ಬಾಂಡು ಇಂಥವು. ಕೂದಲು ಕತ್ತರಿಸೋರು, ಮನೆ ಕ್ಲೀನ್ ಮಾಡೋರು, ನರ್ಸು, ಬಸ್ ಡ್ರೈವರ್ ಇವರ ಕೆಲಸವನ್ನ ಹಡಗಿಗೆ ತುಂಬಿ ಕಳಿಸೋಕೆ ಆಗಲ್ಲ, ಅವರಿಗೆ ಸಿಗೋ ದುಡ್ಡು ಆ ದೇಶದ ಸಂಬಳದ ಮಟ್ಟಕ್ಕೆ ತಕ್ಕಂತೆ ಇರುತ್ತೆ. 1964ರಲ್ಲಿ ಬೆಲಾ ಬಲಾಸಾ ಮತ್ತು ಪಾಲ್ ಸ್ಯಾಮುಯೆಲ್ಸನ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಬೇರೆ ಬೇರೆಯಾಗಿ ಇದನ್ನೇ ವಿವರಿಸಿದ್ರು. ಕಾರ್ಖಾನೆಗಳಲ್ಲಿ ಉತ್ಪಾದಕತೆ ಜಾಸ್ತಿ ಇರೋ ದೇಶದಲ್ಲಿ ಅಲ್ಲಿನ ಸಂಬಳ ಏರುತ್ತೆ, ಅದರ ಹಿಂದೆನೇ ಕ್ಷೌರಿಕನ ದರಾನೂ ಏರಲೇಬೇಕು, ಇಲ್ಲಾಂದ್ರೆ ಅವನು ಅಂಗಡಿ ಮುಚ್ಚಿ ಕಾರ್ಖಾನೆ ಕೆಲಸಕ್ಕೇ ಹೋಗ್ತಾನೆ. ಹಾಗಾಗಿ ಕತ್ತರಿ ಅದೇ, ಹಿಡಿಯೋ ಟೈಮ್ ಅದೇ, ದರ ಮಾತ್ರ ಒಂದು ದೇಶಕ್ಕೂ ಇನ್ನೊಂದಕ್ಕೂ ಎಷ್ಟೋ ಪಟ್ಟು ಬೇರೆ.

ಯುರೋಪ್ ಒಕ್ಕೂಟದ ಒಳಗೇ ನೋಡಿ. ಅವರ ಅಂಕಿಅಂಶ ಸಂಸ್ಥೆ ಯೂರೋಸ್ಟ್ಯಾಟ್ 2023ಕ್ಕೆ ಕೊಟ್ಟ ಲೆಕ್ಕದಲ್ಲಿ ಒಕ್ಕೂಟದ ಸರಾಸರಿ ಬೆಲೆ 100 ಅಂತಿಟ್ಟುಕೊಂಡ್ರೆ ಡೆನ್ಮಾರ್ಕ್ 143, ಬಲ್ಗೇರಿಯಾ ಮತ್ತು ರೊಮೇನಿಯಾ 60. ಎರಡು ಪಟ್ಟಿಗೂ ಮೇಲೆ ವ್ಯತ್ಯಾಸ. ಆದ್ರೆ ಅದೇ ಲೆಕ್ಕದ ಒಳಗೆ ಇಳಿದು ನೋಡಿದ್ರೆ ಟಿವಿ, ಲ್ಯಾಪ್‌ಟಾಪ್ ಥರದ ಎಲೆಕ್ಟ್ರಾನಿಕ್ಸ್‌ನಲ್ಲಿ ವ್ಯತ್ಯಾಸ ಸಣ್ಣದು, ಹೋಟೆಲ್ಲು ರೆಸ್ಟೊರೆಂಟ್‌ನಲ್ಲಿ ದೊಡ್ಡದು, ಯಾಕಂದ್ರೆ ಅಲ್ಲಿ ನೀವು ದುಡ್ಡು ಕೊಡ್ತಿರೋದು ಮುಖ್ಯವಾಗಿ ಮನುಷ್ಯರ ಶ್ರಮಕ್ಕೆ ಮತ್ತು ಜಾಗಕ್ಕೆ.

ಈಗ ನಿವೃತ್ತಿಗೆ ಬರೋಣ. 30ನೇ ವಯಸ್ಸಲ್ಲಿ ನಮ್ಮ ಖರ್ಚಲ್ಲಿ ಗ್ಯಾಜೆಟ್ಟು, ಕಾರು, ಪ್ರವಾಸ ಇರುತ್ತೆ, 75ರಲ್ಲಿ ಇರೋದು ಬಾಡಿಗೆ ಅಥವಾ ಮನೆ ರಿಪೇರಿ, ಔಷಧಿ, ಡಾಕ್ಟರು, ಮನೆಗೆಲಸಕ್ಕೆ ಒಬ್ಬರು, ಇನ್ನೂ ವಯಸ್ಸಾದ್ರೆ ನೋಡಿಕೊಳ್ಳೋಕೆ ಒಬ್ಬರು. ಇದರಲ್ಲಿ ಬಹುಪಾಲು ಮನುಷ್ಯರ ಕೈಕೆಲಸ. ಹಾಗಾಗಿ ವಯಸ್ಸಾದಷ್ಟೂ ಸಂಬಳ ಕಮ್ಮಿ ಇರೋ ದೇಶದ ಲಾಭ ಹೆಚ್ಚಾಗ್ತಾ ಹೋಗುತ್ತೆ, ಇದನ್ನ ಹೆಚ್ಚಿನವರು ಗಮನಿಸಲ್ಲ. ಅಮೆರಿಕದಲ್ಲಿ ನರ್ಸಿಂಗ್ ಹೋಮ್‌ನ ಪ್ರೈವೇಟ್ ರೂಮಿಗೆ ವರ್ಷಕ್ಕೆ ಒಂದು ಲಕ್ಷ ಡಾಲರ್ ದಾಟೋದು ಈಗ ಸಾಮಾನ್ಯ, ಆ ಒಂದೇ ಐಟಂ ಸಾಕು ಎರಡು ದೇಶಗಳ ಲೆಕ್ಕ ತಲೆಕೆಳಗಾಗೋಕೆ. ಆದ್ರೆ ಮಕ್ಕಳು ಇನ್ನೊಂದು ಖಂಡದಲ್ಲಿದ್ದು ವರ್ಷಕ್ಕೆ ಎರಡು ಸಲ ಹೋಗಿ ಬರಬೇಕು ಅಂದ್ರೆ ವಿಮಾನದ ಟಿಕೆಟ್‌ಗೆ ಅಗ್ಗದ ದೇಶ ಅನ್ನೋ ರಿಯಾಯಿತಿ ಇಲ್ಲ, ಹೊರಗಿಂದ ತರಿಸೋ ಔಷಧಿಗೂ ಇಲ್ಲ. ನಿಮ್ಮ ಖರ್ಚಿನ ಪಟ್ಟಿ ಬರೆದು, ಯಾವುದು ಆ ಊರಿನ ಕೂಲಿಯ ಮೇಲೆ ನಿಂತಿದೆ, ಯಾವುದು ಪ್ರಪಂಚದ ಎಲ್ಲಾ ಕಡೆ ಒಂದೇ ರೇಟು ಅಂತ ಎರಡು ಭಾಗ ಮಾಡಿ. ಎರಡನೇ ಭಾಗ ದೊಡ್ಡದಿದ್ರೆ ದೇಶ ಬದಲಾಯಿಸಿ ಸಿಗೋ ಲಾಭ ನೀವು ಅಂದುಕೊಂಡಿದ್ದಕ್ಕಿಂತ ಕಮ್ಮಿ.

ಪ್ರಶ್ನೆ: ದುಬಾರಿ ನಗರಗಳ ಪಟ್ಟಿ ಪ್ರತಿ ವರ್ಷ ಬರುತ್ತಲ್ಲ, ಅದನ್ನ ನೋಡಿ ದೇಶ ಆಯ್ಕೆ ಮಾಡಬಹುದಾ?

ಉತ್ತರ: ಬೇಡ. ಆ ಪಟ್ಟಿಗಳು ಹೆಚ್ಚಾಗಿ ಕಂಪನಿಗಳು ತಮ್ಮ ನೌಕರರನ್ನ ಹೊರದೇಶಕ್ಕೆ ಕಳಿಸುವಾಗ ಎಷ್ಟು ಭತ್ಯೆ ಕೊಡಬೇಕು ಅಂತ ಲೆಕ್ಕ ಹಾಕೋಕೆ ಮಾಡಿರೋದು. ಮರ್ಸರ್ ಸಂಸ್ಥೆಯ 2024ರ ಪಟ್ಟಿಯಲ್ಲಿ ಹಾಂಗ್‌ಕಾಂಗ್, ಸಿಂಗಾಪುರ, ಜ್ಯೂರಿಕ್ ಮೊದಲ ಮೂರು, ಅದು ಹೊರಗಿಂದ ಬಂದ ಉದ್ಯೋಗಿ ಮಾಡೋ ಖರ್ಚಿನ ಚಿತ್ರ. ಸಿಂಗಾಪುರದಲ್ಲಿ ಸರ್ಕಾರಿ ವಸತಿ ಮಂಡಳಿಯ ಫ್ಲ್ಯಾಟ್‌ನಲ್ಲಿ ಸಾಲ ತೀರಿಸಿ ಕೂತಿರೋ ಅಲ್ಲಿನ ನಾಗರಿಕನಿಗೂ, ಹೊಸದಾಗಿ ಬಂದು ಮಾರ್ಕೆಟ್ ರೇಟ್‌ನಲ್ಲಿ ಬಾಡಿಗೆ ಕೊಡೋನಿಗೂ ಊರು ಒಂದೇ, ಖರ್ಚು ಒಂದೇ ಅಲ್ಲ. ಜೊತೆಗೆ ಎಕ್ಸ್‌ಚೇಂಜ್ ರೇಟ್ ಬದಲಾದ್ರೆ ಪಟ್ಟೀಲಿ ಊರು ಮೇಲೆ ಕೆಳಗೆ ಹೋಗುತ್ತೆ, ಅಲ್ಲೇ ಇರೋರ ಬದುಕಲ್ಲಿ ಏನೂ ಬದಲಾಗಿರಲ್ಲ.

ಪ್ರಶ್ನೆ: ವರ್ಷದ ಖರ್ಚಿನ 25 ಪಟ್ಟು ಉಳಿಸಿ, ಪ್ರತಿ ವರ್ಷ ಶೇ. 4ರಷ್ಟು ತೆಗೀರಿ, ದುಡ್ಡು ಯಾವತ್ತೂ ಮುಗಿಯಲ್ಲ ಅಂತ ಎಲ್ಲಾ ಕಡೆ ಓದ್ತೀನಿ. ಇದು ಎಲ್ಲಾ ದೇಶಕ್ಕೂ ಅನ್ವಯಿಸುತ್ತಾ? ನನಗೆ 46, ಬೇಗ ಬಿಡೋ ಆಸೆ ಇದೆ.

ಉತ್ತರ: ಯಾವತ್ತೂ ಮುಗಿಯಲ್ಲ ಅಂತ ಆ ಲೆಕ್ಕ ಮಾಡಿದೋರೇ ಹೇಳಿಲ್ಲ. 1994ರಲ್ಲಿ ವಿಲಿಯಂ ಬೆಂಗನ್ ಅನ್ನೋ ಅಮೆರಿಕದ ಹಣಕಾಸು ಸಲಹೆಗಾರ 1926ರಿಂದ ಈಚಿನ ಅಮೆರಿಕದ ಶೇರು, ಬಾಂಡು, ಹಣದುಬ್ಬರದ ಅಂಕಿ ಇಟ್ಕೊಂಡು ಕೇಳಿದ ಪ್ರಶ್ನೆ ಇಷ್ಟೇ, ಅತಿ ಕೆಟ್ಟ ಟೈಮಲ್ಲಿ ರಿಟೈರ್ ಆದೋರಿಗೂ 30 ವರ್ಷ ದುಡ್ಡು ಬರಬೇಕಂದ್ರೆ ಮೊದಲ ವರ್ಷ ಎಷ್ಟು ತೆಗೀಬಹುದು? ಉತ್ತರ ಸುಮಾರು ಶೇ. 4 ಬಂತು, ಆಮೇಲೆ ಪ್ರತಿ ವರ್ಷ ಹಣದುಬ್ಬರಕ್ಕೆ ತಕ್ಕಂತೆ ಆ ಮೊತ್ತ ಏರಿಸ್ತಾ ಹೋಗೋದು. ಅಂದ್ರೆ 10 ಲಕ್ಷ ಡಾಲರ್ ಇದ್ರೆ ಮೊದಲ ವರ್ಷ 40 ಸಾವಿರ. 1998ರಲ್ಲಿ ಟೆಕ್ಸಸ್‌ನ ಟ್ರಿನಿಟಿ ವಿಶ್ವವಿದ್ಯಾಲಯದ ಮೂವರು ಪ್ರೊಫೆಸರ್‌ಗಳು ಹತ್ತಿರ ಹತ್ತಿರ ಇದೇ ಮಾತು ಹೇಳಿದ್ಮೇಲೆ ಇದು ಮನೆಮಾತಾಯ್ತು.

ಈಗ ಇದರ ಒಳಗಿರೋ ಷರತ್ತು ನೋಡಿ, ದೇಶ ಅಮೆರಿಕ, ಅವಧಿ 30 ವರ್ಷ. 20ನೇ ಶತಮಾನದಲ್ಲಿ ಅಮೆರಿಕದ ಮಾರುಕಟ್ಟೆಗೆ ಸಿಕ್ಕ ಅದೃಷ್ಟ ಬೇರೆಯವರಿಗೆ ಸಿಗಲಿಲ್ಲ. 2010ರಲ್ಲಿ ವೇಡ್ ಫೌ ಅನ್ನೋ ಸಂಶೋಧಕ 17 ಮುಂದುವರಿದ ದೇಶಗಳ ಅಂಕಿ ಹಾಕಿ ಇದೇ ಲೆಕ್ಕ ಮಾಡಿದಾಗ ಶೇ. 4 ಪಾಸಾಗಿದ್ದು ಕೆನಡಾ, ಸ್ವೀಡನ್, ಡೆನ್ಮಾರ್ಕ್, ಅಮೆರಿಕ ಈ ನಾಲ್ಕರಲ್ಲಿ ಮಾತ್ರ. ಯುದ್ಧ, ಅದರ ನಂತರದ ಹಣದುಬ್ಬರ ಎಲ್ಲಾ ಸೇರಿ ಜಪಾನ್, ಜರ್ಮನಿ, ಫ್ರಾನ್ಸ್, ಇಟಲಿ ಥರದ ದೇಶಗಳಲ್ಲಿ ಬಂದಿದ್ದು ಅದಕ್ಕಿಂತ ತುಂಬಾ ಕಮ್ಮಿ. ಹೀಗಾಗಿ ನಿಮ್ಮ ಉಳಿತಾಯ ಪೂರ್ತಿ ಒಂದೇ ದೇಶದ ಶೇರು ಬಾಂಡಲ್ಲಿದ್ದು, ಆ ದೇಶ ಅಮೆರಿಕ ಅಲ್ಲದಿದ್ರೆ, 25 ಪಟ್ಟು ಅನ್ನೋ ಸಂಖ್ಯೆಯನ್ನ ಹಾಗೇ ಎತ್ತಿಕೊಳ್ಳಬೇಡಿ. ನಿಮಗೆ 46 ಅಂದ್ರೆ 30 ವರ್ಷಕ್ಕೆ 76 ಆಗುತ್ತೆ, ಅಲ್ಲಿಗೆ ಲೆಕ್ಕ ಮುಗಿದುಬಿಡುತ್ತೆ, ನಿಮಗೆ ಬೇಕಿರೋದು 45-50 ವರ್ಷದ ಲೆಕ್ಕ. ಕೂತು ಉಣ್ಣೋನಿಗೆ ಕುಡಿಕೆ ಹೊನ್ನು ಸಾಲದು ಅಂತ ನಮ್ಮಲ್ಲಿ ಹೇಳೋದು ಸುಮ್ಮನೆ ಅಲ್ಲ.

ಇನ್ನೊಂದು ಅಪಾಯ ಮೊದಲ ಕೆಲವು ವರ್ಷಗಳದ್ದು. 10 ಲಕ್ಷ ಡಾಲರ್ ಇಟ್ಕೊಂಡು ಕೆಲಸ ಬಿಟ್ರಿ, 40 ಸಾವಿರ ತೆಗೆದ್ರಿ, ಅದೇ ವರ್ಷ ಮಾರುಕಟ್ಟೆ ಶೇ. 30 ಬಿತ್ತು ಅಂದ್ಕೊಳ್ಳಿ, ಕೈಯಲ್ಲಿ ಉಳಿಯೋದು 6 ಲಕ್ಷ 72 ಸಾವಿರ. ಎರಡನೇ ವರ್ಷ ಹಣದುಬ್ಬರ ಸೇರಿಸಿ 41 ಸಾವಿರ ತೆಗೆದ್ರೆ ಅದು ಉಳಿದ ದುಡ್ಡಿನ ಶೇ. 6ಕ್ಕಿಂತ ಜಾಸ್ತಿ. ಆಮೇಲೆ ಮಾರುಕಟ್ಟೆ ಮೇಲೆ ಬಂದ್ರೂ ಮಾರಿಬಿಟ್ಟ ಶೇರು ವಾಪಸ್ ಬರಲ್ಲ. ಇದೇ ಕುಸಿತ 20ನೇ ವರ್ಷದಲ್ಲಿ ಆಗಿದ್ರೆ ಅಷ್ಟು ನೋವಾಗಲ್ಲ. ದೇಶ ದೇಶಗಳ ಖರ್ಚಿನ ವ್ಯತ್ಯಾಸ ನಿಜವಾಗಿ ಕೈ ಹಿಡಿಯೋದು ಇಲ್ಲಿ ಅಂತ ನನ್ನ ಅಭಿಪ್ರಾಯ, ಜೀವನ ಪೂರ್ತಿ ಅಗ್ಗದ ದೇಶದಲ್ಲಿ ಇರಬೇಕು ಅಂತಿಲ್ಲ, ಮಾರುಕಟ್ಟೆ ಬಿದ್ದಿರೋ ಎರಡು ಮೂರು ವರ್ಷ ಅರ್ಧ ಖರ್ಚಿನ ಕಡೆ ಹೋಗಿ ಇರೋ ಸ್ವಾತಂತ್ರ್ಯ ಇದ್ರೆ ಸಾಕು, ಉಳಿತಾಯ ಉಸಿರಾಡುತ್ತೆ. ಮಕ್ಕಳ ಸ್ಕೂಲು, ವಯಸ್ಸಾದ ತಂದೆತಾಯಿ ಇರೋರಿಗೆ ಆ ಸ್ವಾತಂತ್ರ್ಯ ಇರಲ್ಲ, ಅವರು ಇನ್ನೂ ಜಾಸ್ತಿ ಉಳಿಸ್ಬೇಕು, ಬೇರೆ ದಾರಿ ಇಲ್ಲ.

ಪ್ರಶ್ನೆ: ಸರ್ಕಾರಿ ಪೆನ್ಷನ್ ಒಂದರಲ್ಲೇ ನೆಮ್ಮದಿಯಾಗಿ ಬದುಕೋ ದೇಶ ಅಂತ ಯಾವುದಾದ್ರೂ ಇದೆಯಾ? ನಾನು ಒಬ್ಬಳೇ ಇರೋದು, ಬಾಡಿಗೆ ಮನೆ.

ಉತ್ತರ: ಕಡೇಲಿ ಬರೆದ ಎರಡು ಪದಗಳಿದಾವಲ್ಲ, ಒಬ್ಬಳೇ ಮತ್ತು ಬಾಡಿಗೆ, ದೇಶಕ್ಕಿಂತ ಜಾಸ್ತಿ ಅವೇ ನಿಮ್ಮ ಉತ್ತರ ನಿರ್ಧರಿಸ್ತವೆ ಅಂತ ಮೊದಲೇ ಹೇಳ್ಬಿಡ್ತೀನಿ.

ಬ್ರಿಟನ್ ಉದಾಹರಣೆ ತಗೊಳ್ಳಿ. ಅಲ್ಲಿ ಪೆನ್ಷನ್ ಉದ್ಯಮದ ಸಂಘ ಪ್ರತಿ ವರ್ಷ ಕನಿಷ್ಠ, ಮಧ್ಯಮ, ಆರಾಮ ಅಂತ ಮೂರು ಮಟ್ಟದ ಬದುಕಿಗೆ ಎಷ್ಟು ಬೇಕು ಅಂತ ಪ್ರಕಟಿಸುತ್ತೆ. 2025ರ ಪ್ರಕಾರ ಒಬ್ಬರಿಗೆ ಕನಿಷ್ಠ 13,400 ಪೌಂಡ್, ಆರಾಮಕ್ಕೆ 43,900. ಗಂಡ ಹೆಂಡತಿ ಇಬ್ಬರಿಗೆ ಕನಿಷ್ಠ 21,600, ಆರಾಮಕ್ಕೆ 60,600. ಪೂರ್ತಿ ಸರ್ಕಾರಿ ಪೆನ್ಷನ್ 2025-26ರಲ್ಲಿ ವಾರಕ್ಕೆ 230.25 ಪೌಂಡ್, ವರ್ಷಕ್ಕೆ ಹತ್ತತ್ರ 12 ಸಾವಿರ. ದಂಪತಿಗೆ ಇಬ್ಬರದ್ದೂ ಸೇರಿ 24 ಸಾವಿರ, ಕನಿಷ್ಠ ಮಟ್ಟ ದಾಟಿ ಸ್ವಲ್ಪ ಉಳಿಯುತ್ತೆ. ಒಬ್ಬರೇ ಇರೋರಿಗೆ 1,400 ಕಮ್ಮಿ ಬೀಳುತ್ತೆ. ಪೆನ್ಷನ್ ಅದೇ, ದೇಶ ಅದೇ. ಹೀಟಿಂಗು, ಇಂಟರ್ನೆಟ್ಟು, ಮನೆ ತೆರಿಗೆ ಒಬ್ಬರಿದ್ದಾರೆ ಅಂತ ಅರ್ಧ ಆಗಲ್ಲ. ಅದಕ್ಕಿಂತ ಮುಖ್ಯವಾದ್ದು, ಈ ಲೆಕ್ಕದಲ್ಲಿ ಬಾಡಿಗೆ, ಗೃಹಸಾಲದ ಕಂತು ಸೇರೇ ಇಲ್ಲ, ಸ್ವಂತ ಮನೆ ಇದೆ ಅಂತ ಇಟ್ಕೊಂಡೇ ಮಾಡಿರೋದು.

ಜಪಾನ್‌ನಲ್ಲಿ 2019ರ ಜೂನ್‌ನಲ್ಲಿ ದೊಡ್ಡ ಗಲಾಟೆನೇ ಆಯ್ತು. ಅಲ್ಲಿನ ಹಣಕಾಸು ಸೇವಾ ಸಂಸ್ಥೆಯ ಒಂದು ಸಮಿತಿ, ನಿವೃತ್ತ ದಂಪತಿಗೆ ತಿಂಗಳಿಗೆ ಸುಮಾರು 2 ಲಕ್ಷ 9 ಸಾವಿರ ಯೆನ್ ಬರುತ್ತೆ, ಖರ್ಚು 2 ಲಕ್ಷ 64 ಸಾವಿರ, ಹೀಗೇ 30 ವರ್ಷ ಬದುಕಿದ್ರೆ 2 ಕೋಟಿ ಯೆನ್ ಕೈಯಿಂದ ಹಾಕಬೇಕು ಅಂತ ವರದಿ ಕೊಡ್ತು. ಜನ ರೊಚ್ಚಿಗೆದ್ರು, ಪೆನ್ಷನ್ ನಂಬಿ ಅಂದೋರೇ ಹೀಗಂದ್ರೆ ಹೇಗೆ ಅಂತ, ಕಡೆಗೆ ಹಣಕಾಸು ಸಚಿವ ತಾರೋ ಆಸೋ ಆ ವರದಿಯನ್ನ ಸ್ವೀಕರಿಸೋದೇ ಇಲ್ಲ ಅಂದುಬಿಟ್ರು. ಎಲ್ಲರ ಕಣ್ಣು 2 ಕೋಟಿ ಮೇಲಿತ್ತು. ನಾನು ಹೇಳೋದು, ಆ 2 ಲಕ್ಷ 64 ಸಾವಿರದ ಒಳಗೆ ವಸತಿ ಅಂತ ಹಾಕಿರೋದು ಬರೀ 13-14 ಸಾವಿರ ಯೆನ್, ಯಾಕಂದ್ರೆ ಅಲ್ಲಿ ವಯಸ್ಸಾದವರಲ್ಲಿ ಹೆಚ್ಚಿನವರಿಗೆ ಸ್ವಂತ ಮನೆ ಇದೆ, ಸರಾಸರಿ ಕೆಳಗೆ ಬಂದಿದೆ. ಟೋಕಿಯೊದಲ್ಲಿ ಬಾಡಿಗೆಗೆ ಇರೋ ಒಂಟಿ ಮಹಿಳೆಗೆ ಆ ಸರಾಸರಿಯಿಂದ ಏನೂ ತಿಳಿಯಲ್ಲ.

ಆಸ್ಟ್ರೇಲಿಯಾದಲ್ಲಂತೂ ನಿಯಮವೇ ಸ್ವಂತ ಮನೆ ಇರೋರ ಪರವಾಗಿದೆ, ಸರ್ಕಾರಿ ಪೆನ್ಷನ್‌ಗೆ ಆಸ್ತಿ ಲೆಕ್ಕ ಹಾಕುವಾಗ ವಾಸದ ಮನೆ ಎಷ್ಟೇ ಬೆಲೆಬಾಳಲಿ ಅದನ್ನ ಬಿಟ್ಟುಬಿಡ್ತಾರೆ. ದಕ್ಷಿಣ ಕೊರಿಯಾ ಶ್ರೀಮಂತ ದೇಶನೇ, ಆದ್ರೆ 65 ದಾಟಿದವರಲ್ಲಿ ಹತ್ತಿರ ಹತ್ತಿರ ಶೇ. 40 ಜನ ಬಡತನದ ಗೆರೆಯಿಂದ ಕೆಳಗಿದಾರೆ, ಶ್ರೀಮಂತ ದೇಶಗಳ ಕೂಟವಾದ ಒಇಸಿಡಿಯಲ್ಲಿ ಅದೇ ಅತಿ ಹೆಚ್ಚು. ಅಲ್ಲಿ ರಾಷ್ಟ್ರೀಯ ಪೆನ್ಷನ್ ಶುರುವಾಗಿದ್ದೇ 1988ರಲ್ಲಿ, ಈಗಿನ ಮುದುಕರಿಗೆ ಸಾಕಷ್ಟು ವರ್ಷ ಕಟ್ಟೋ ಅವಕಾಶವೇ ಸಿಗಲಿಲ್ಲ. ದೇಶದ ತಲಾ ಆದಾಯ ನೋಡಿ ಅಲ್ಲಿ ವೃದ್ಧಾಪ್ಯ ಚೆನ್ನಾಗಿರುತ್ತೆ ಅಂತ ತೀರ್ಮಾನಕ್ಕೆ ಬರಬೇಡಿ.

ನಿಮಗೆ ನೇರವಾಗಿ ಹೇಳೋದಾದ್ರೆ, ನೆದರ್ಲೆಂಡ್ಸ್, ಡೆನ್ಮಾರ್ಕ್ ಥರದ ದೇಶಗಳಲ್ಲಿ ತಳದ ಪೆನ್ಷನ್ ಗಟ್ಟಿ ಇದೆ, ಆದ್ರೆ ಅದು ಅಲ್ಲಿ ಬದುಕು ಕಳೆದವರಿಗೆ, ಹೊಸದಾಗಿ ಹೋದವರಿಗಲ್ಲ. ನೀವು ಈಗಿರೋ ಕಡೆನೇ, ನಿವೃತ್ತಿಗೆ ಮುಂಚೆ ಸಣ್ಣದಾದ್ರೂ ಒಂದು ಮನೆ, ದುಬಾರಿ ನಗರದಲ್ಲಿ ಆಗದಿದ್ರೆ ಆಸ್ಪತ್ರೆ ಮತ್ತು ಬಸ್ಸು ಇರೋ ಚಿಕ್ಕ ಊರಲ್ಲಿ, ಅದಕ್ಕೆ ಮೊದಲ ಆದ್ಯತೆ ಕೊಡಿ.

ಪ್ರಶ್ನೆ: ನಾನು ನೆದರ್ಲೆಂಡ್ಸ್‌ನಲ್ಲಿ 7 ವರ್ಷ, ಆಮೇಲೆ ಅಮೆರಿಕದಲ್ಲಿ 8 ವರ್ಷ ಕೆಲಸ ಮಾಡಿದೆ. ಎರಡೂ ಕಡೆ ಕಟ್ಟಿದ ದುಡ್ಡು ಹೋಯ್ತು ಅಂತ ತಿಳ್ಕೊಳ್ಳಬೇಕಾ?

ಉತ್ತರ: ಖಂಡಿತ ಇಲ್ಲ, ದಯವಿಟ್ಟು ಹಾಗೆ ಬಿಟ್ಟುಬಿಡಬೇಡಿ. ನೆದರ್ಲೆಂಡ್ಸ್‌ನ ಎಓಡಬ್ಲ್ಯೂ ಅನ್ನೋ ಸರ್ಕಾರಿ ವೃದ್ಧಾಪ್ಯ ಪೆನ್ಷನ್ ಕೆಲಸದ ಮೇಲಲ್ಲ, ವಾಸದ ಮೇಲೆ ಲೆಕ್ಕ, ಒಂದು ವರ್ಷಕ್ಕೆ ಶೇ. 2, 50 ವರ್ಷ ಇದ್ರೆ ಪೂರ್ತಿ. ನಿಮ್ಮ 7 ವರ್ಷಕ್ಕೆ ಶೇ. 14, ಚಿಕ್ಕದು ಅನ್ಸಬಹುದು, ಆದ್ರೆ ಬದುಕಿರೋವರೆಗೂ ಬರುತ್ತೆ. ಅಮೆರಿಕದ ಸರ್ಕಾರಿ ಪೆನ್ಷನ್ ಆದ ಸೋಷಿಯಲ್ ಸೆಕ್ಯುರಿಟಿಗೆ 40 ಕ್ರೆಡಿಟ್ ಬೇಕು, ವರ್ಷಕ್ಕೆ ಹೆಚ್ಚಂದ್ರೆ 4, ಅಂದ್ರೆ 10 ವರ್ಷದ ಕೆಲಸ. ನಿಮ್ಮದು 32. ಬರೀ ಅಮೆರಿಕದ ಲೆಕ್ಕದಲ್ಲಿ ಸೊನ್ನೆ. ಆದ್ರೆ ಅಮೆರಿಕ ಸುಮಾರು 30 ದೇಶಗಳ ಜೊತೆ ಒಪ್ಪಂದ ಮಾಡ್ಕೊಂಡಿದೆ, ನೆದರ್ಲೆಂಡ್ಸ್ ಅದರಲ್ಲಿದೆ, ಹಾಗಾಗಿ ಅಲ್ಲಿನ ವರ್ಷಗಳನ್ನ ಅರ್ಹತೆಗೋಸ್ಕರ ಸೇರಿಸಿಕೊಂಡು, ನಿಮ್ಮ 8 ವರ್ಷದ ಪಾಲಿನಷ್ಟು ಪೆನ್ಷನ್ ಕೊಡ್ತಾರೆ. ಒಪ್ಪಂದ ಇಲ್ಲದ ದೇಶದಿಂದ ಬಂದು 8 ವರ್ಷ ದುಡಿದು ಹೋದವರಿಗೆ ಈ ದಾರಿ ಇಲ್ಲ, ಅವರು ಸಾಧ್ಯ ಆದ್ರೆ ಇನ್ನೆರಡು ವರ್ಷ ಪೂರೈಸಿಯೇ ಹೊರಡೋದು ಒಳ್ಳೇದು. ಕೆನಡಾದ ಓಲ್ಡ್ ಏಜ್ ಸೆಕ್ಯುರಿಟಿ ಅನ್ನೋ ಸರ್ಕಾರಿ ಪೆನ್ಷನ್‌ನಲ್ಲೂ ಹೀಗೇ ಒಂದು ಗೆರೆ ಇದೆ, ದೇಶದ ಒಳಗೇ ಇದ್ದು ತಗೊಳ್ಳೋಕೆ 10 ವರ್ಷ ವಾಸ ಸಾಕು, ಹೊರಗಿದ್ದು ತಗೊಳ್ಳೋಕೆ 20 ವರ್ಷ ಬೇಕು. 18 ವರ್ಷ ಇದ್ದು ದೇಶ ಬಿಟ್ಟವರಿಗೂ 20 ವರ್ಷ ಇದ್ದು ಬಿಟ್ಟವರಿಗೂ ಎಷ್ಟು ವ್ಯತ್ಯಾಸ ನೋಡಿ.

ಪ್ರಶ್ನೆ: ಬ್ರಿಟನ್‌ನಲ್ಲಿ 30 ವರ್ಷ ದುಡಿದಿದೀವಿ, ನಿವೃತ್ತಿ ಆದ್ಮೇಲೆ ಬೇರೆ ದೇಶದಲ್ಲಿ ಇರೋ ಯೋಚನೆ. ಕೆನಡಾದಲ್ಲಿ ಮಗಳಿದಾಳೆ, ಸ್ಪೇನ್ ಅಂದ್ರೆ ನಮಗಿಬ್ಬರಿಗೂ ಇಷ್ಟ. ಪೆನ್ಷನ್ ಎಲ್ಲಿದ್ರೂ ಬರುತ್ತಲ್ಲ?

ಉತ್ತರ: ಬರುತ್ತೆ, ಆದ್ರೆ ಎಲ್ಲಾ ಕಡೆ ಏರಲ್ಲ, ಇದು ತುಂಬಾ ಜನಕ್ಕೆ ಹೋದ್ಮೇಲೇ ಗೊತ್ತಾಗೋದು, ಅದು ನನಗೆ ನಿಜಕ್ಕೂ ಅನ್ಯಾಯ ಅನ್ಸುತ್ತೆ. ಬ್ರಿಟನ್ ಒಳಗಿದ್ರೆ ಪೆನ್ಷನ್ ಪ್ರತಿ ವರ್ಷ ಹಣದುಬ್ಬರ, ಸಂಬಳದ ಏರಿಕೆ, ಶೇ. 2.5 ಇವು ಮೂರರಲ್ಲಿ ಯಾವುದು ಜಾಸ್ತಿಯೋ ಅಷ್ಟು ಏರುತ್ತೆ. ಯುರೋಪ್ ಒಕ್ಕೂಟ, ಸ್ವಿಟ್ಜರ್ಲೆಂಡ್, ಅಮೆರಿಕದಲ್ಲಿದ್ರೂ ಏರಿಕೆ ಸಿಗುತ್ತೆ. ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾ, ಭಾರತ ಇಂಥ ದೇಶಗಳಲ್ಲಿ ಸಿಗಲ್ಲ, ಹೋದ ದಿನ ಎಷ್ಟಿತ್ತೋ ಅಷ್ಟಕ್ಕೇ ನಿಂತುಬಿಡುತ್ತೆ. 2005-06ರಲ್ಲಿ, ಆಗಿದ್ದ ಹಳೇ ವ್ಯವಸ್ಥೆಯ ಮೂಲ ಪೆನ್ಷನ್ ವಾರಕ್ಕೆ 82.05 ಪೌಂಡ್ ಇತ್ತು. ಆ ವರ್ಷ ಒಂದೇ ಆಫೀಸಿನ ಇಬ್ಬರು ರಿಟೈರ್ ಆಗಿ ಒಬ್ಬರು ಸ್ಪೇನ್‌ಗೆ ಒಬ್ಬರು ಕೆನಡಾಕ್ಕೆ ಹೋದ್ರು ಅಂದ್ಕೊಳ್ಳಿ, 2025-26ರಲ್ಲಿ ಸ್ಪೇನ್‌ನವರಿಗೆ ವಾರಕ್ಕೆ 176.45, ಕೆನಡಾದವರಿಗೆ ಈಗಲೂ 82.05. ಇಬ್ಬರೂ ಕಟ್ಟಿದ್ದು ಒಂದೇ.

ಹಾಗಂತ ಸ್ಪೇನ್‌ನಲ್ಲಿ ಎಲ್ಲಾ ಸುಸೂತ್ರ ಅಂತಲ್ಲ. ಪೆನ್ಷನ್ ಪೌಂಡಲ್ಲಿ, ಖರ್ಚು ಯೂರೋದಲ್ಲಿ. 2016ರ ಜೂನ್‌ನಲ್ಲಿ ಬ್ರೆಕ್ಸಿಟ್ ಮತದಾನಕ್ಕೆ ಮುಂಚೆ ಒಂದು ಪೌಂಡಿಗೆ ಸುಮಾರು 1.30 ಯೂರೋ ಸಿಗ್ತಿತ್ತು, 2017ರ ಆಗಸ್ಟ್ ಹೊತ್ತಿಗೆ 1.10ರ ಆಸುಪಾಸಿಗೆ ಬಂತು. ತಿಂಗಳಿಗೆ 1,000 ಪೌಂಡ್ ಬರ್ತಿದ್ದೋರ ಕೈಗೆ 1,300 ಯೂರೋ ಬದಲು 1,100. ಸ್ಪೇನ್‌ನಲ್ಲಿ ಬಾಡಿಗೆ ಇಳಿಯಲಿಲ್ಲ, ಕರೆಂಟ್ ಬಿಲ್ ಇಳಿಯಲಿಲ್ಲ, ಅವರು ಮನೆಯಿಂದ ಕದಲೂ ಇಲ್ಲ, ವರಮಾನದಲ್ಲಿ ಸುಮಾರು ಶೇ. 15 ಹೋಯ್ತು. ಮೇಲಾಗಿ ಬ್ರೆಕ್ಸಿಟ್ ನಂತರ ನೀವು ಬ್ರಿಟಿಷ್ ಪಾಸ್‌ಪೋರ್ಟ್‌ನಲ್ಲಿ ಹೊಸದಾಗಿ ಹೋಗೋದಾದ್ರೆ ದುಡಿಯದೆ ಇರೋರ ವೀಸಾ ಬೇಕು, ಅದಕ್ಕೆ ಮುಖ್ಯ ಅರ್ಜಿದಾರರು ತಿಂಗಳಿಗೆ 2,400 ಯೂರೋ ಆದಾಯ ತೋರಿಸ್ಬೇಕು, ಜೊತೆಗೆ ಬರೋರಿಗೆ ಇನ್ನಷ್ಟು.

ನನ್ನ ಸಲಹೆ, ಒಂದೆರಡು ವರ್ಷದ ಮೂಲ ಖರ್ಚಿನಷ್ಟಾದ್ರೂ ದುಡ್ಡನ್ನ ಖರ್ಚು ಮಾಡೋ ದೇಶದ ಕರೆನ್ಸಿಯಲ್ಲೇ ಇಡಿ. ಕೆನಡಾದ ಮಗಳ ಹತ್ತಿರ ಇರಬೇಕು ಅನ್ನೋ ಆಸೆ ದೊಡ್ಡದು, ಅದನ್ನ ಲೆಕ್ಕಕ್ಕೋಸ್ಕರ ಬಿಡಿ ಅಂತ ನಾನು ಹೇಳಲ್ಲ, ಆದ್ರೆ ಆ ಲೆಕ್ಕದಲ್ಲಿ ಸರ್ಕಾರಿ ಪೆನ್ಷನ್ 20 ವರ್ಷ ಒಂದೇ ಮೊತ್ತ ಅಂತ ಬರ್ಕೊಂಡು ಖಾಸಗಿ ಉಳಿತಾಯ ಅದಕ್ಕೆ ತಕ್ಕಂಗೆ ಜಾಸ್ತಿ ಇಡಿ.

ಪ್ರಶ್ನೆ: ಅಗ್ಗದ ದೇಶ, ರಿಟೈರ್ಮೆಂಟ್ ವೀಸಾ ಸುಲಭ ಅಂತ ಥಾಯ್ಲೆಂಡ್, ಮಲೇಷ್ಯಾ, ಪೋರ್ಚುಗಲ್, ಪನಾಮಾ ಹೆಸರು ಕೇಳ್ತೀನಿ. ಯಾವುದು ಒಳ್ಳೇದು?

ಉತ್ತರ: ಈ ಪಟ್ಟಿಯನ್ನ ಬೆಲೆಯಿಂದ ನೋಡೋದಕ್ಕಿಂತ ನಿಯಮ ಎಷ್ಟು ಸಲ ಬದಲಾಗಿದೆ ಅಂತ ನೋಡಿ. ಪೋರ್ಚುಗಲ್ 2009ರಲ್ಲಿ ಹೊರಗಿಂದ ಬರೋರಿಗೆ ಒಂದು ತೆರಿಗೆ ವ್ಯವಸ್ಥೆ ತಂತು, ಅದರಲ್ಲಿ ವಿದೇಶಿ ಪೆನ್ಷನ್‌ಗೆ ಅಲ್ಲಿ ತೆರಿಗೆನೇ ಬೀಳ್ತಿರಲಿಲ್ಲ. ಯುರೋಪಿನ ನಿವೃತ್ತರು ಸಾಲುಗಟ್ಟಿ ಬಂದ್ರು. 2020ರಲ್ಲಿ ಶೇ. 10 ತೆರಿಗೆ ಹಾಕಿದ್ರು, 2024ರಿಂದ ಹೊಸಬರಿಗೆ ಬಾಗಿಲೇ ಮುಚ್ಚಿದ್ರು. ಈ ಮಧ್ಯೆ ಲಿಸ್ಬನ್‌ನಲ್ಲಿ ಮನೆ ಬಾಡಿಗೆ ಅಲ್ಲಿನ ಸಂಬಳದವರ ಕೈಗೆ ಎಟುಕದಷ್ಟು ಏರಿತ್ತು, ಹೊರಗಿನವರಿಗೆ ಅಗ್ಗ ಅನಿಸೋದು ಅಲ್ಲೇ ಹುಟ್ಟಿದವರಿಗೆ ದುಬಾರಿ ಆಗ್ತಿರುತ್ತೆ, ಅವರ ಸಿಟ್ಟು ಮುಂದೊಂದು ದಿನ ಕಾನೂನಾಗಿ ಬರುತ್ತೆ. ಅದು ಅವರ ದೇಶ, ಅವರ ಹಕ್ಕು.

ಮಲೇಷ್ಯಾದ ಸೆಕೆಂಡ್ ಹೋಮ್ ಯೋಜನೆ 2002ರಿಂದ ಇದೆ, 2021ರಲ್ಲಿ ಒಂದೇ ಏಟಿಗೆ ತಿಂಗಳ ಆದಾಯದ ಷರತ್ತು 10 ಸಾವಿರ ರಿಂಗಿಟ್‌ನಿಂದ 40 ಸಾವಿರಕ್ಕೆ ಏರಿಸಿದ್ರು, 2024ರಲ್ಲಿ ಮತ್ತೆ ಪೂರ್ತಿ ಬದಲಾಯಿಸಿ ಬೆಳ್ಳಿ, ಚಿನ್ನ, ಪ್ಲಾಟಿನಂ ಅಂತ ಹಂತ ಮಾಡಿ ಠೇವಣಿ ಮತ್ತು ಮನೆ ಖರೀದಿಯ ಷರತ್ತು ಇಟ್ರು. ಥಾಯ್ಲೆಂಡ್‌ನಲ್ಲಿ 50 ತುಂಬಿರಬೇಕು, ಬ್ಯಾಂಕಲ್ಲಿ 8 ಲಕ್ಷ ಬಾತ್ ಅಥವಾ ತಿಂಗಳಿಗೆ 65 ಸಾವಿರ ಬಾತ್ ಆದಾಯ. ಅಲ್ಲೂ 2024ರ ಜನವರಿಯಿಂದ ತೆರಿಗೆ ನಿಯಮ ಬಿಗಿಯಾಯ್ತು, ವರ್ಷದಲ್ಲಿ 180 ದಿನ ಅಥವಾ ಜಾಸ್ತಿ ಅಲ್ಲಿದ್ದು ಹೊರಗಿನ ಆದಾಯ ಒಳಗೆ ತಂದ್ರೆ ಅದು ತೆರಿಗೆ ವ್ಯಾಪ್ತಿಗೆ ಬರುತ್ತೆ. ಪನಾಮಾದಲ್ಲಿ ಜೀವನಪರ್ಯಂತ ತಿಂಗಳಿಗೆ 1,000 ಡಾಲರ್ ಪೆನ್ಷನ್ ತೋರಿಸಿದ್ರೆ ಸಾಕು, ಅಲ್ಲಿ ಓಡೋದು ಅಮೆರಿಕದ ಡಾಲರೇ, ಹಾಗಾಗಿ ಡಾಲರ್ ಪೆನ್ಷನ್ ಇರೋರಿಗೆ ಕರೆನ್ಸಿ ತಲೆನೋವಿಲ್ಲ. ಇವು ನಾಲ್ಕರಲ್ಲಿ ಸ್ಥಿರತೆ ನೋಡಿದ್ರೆ ನಾನು ಪನಾಮಾವನ್ನ ಮುಂದಿಡ್ತೀನಿ.

ಆರೋಗ್ಯದ ವಿಷ್ಯ ಬೇರೆನೇ ಹೇಳ್ಬೇಕು. ಅಮೆರಿಕದ ಸರ್ಕಾರಿ ಆರೋಗ್ಯ ವಿಮೆ ಮೆಡಿಕೇರ್ 65ಕ್ಕೆ ಸಿಗುತ್ತೆ, ಆದ್ರೆ ದೇಶದ ಹೊರಗೆ ಸಾಮಾನ್ಯವಾಗಿ ಏನೂ ಕೊಡಲ್ಲ. ಹೊರಗಿದೀನಲ್ಲ ಅಂತ ಅದರ ಪಾರ್ಟ್ ಬಿ, ಅಂದ್ರೆ ಡಾಕ್ಟರ್ ಖರ್ಚು ನೋಡಿಕೊಳ್ಳೋ ಭಾಗದ ಕಂತು ನಿಲ್ಲಿಸಿದ್ರೆ, ಮುಂದೆ ವಾಪಸ್ ಬಂದು ಸೇರುವಾಗ ಬಿಟ್ಟ ಪ್ರತಿ 12 ತಿಂಗಳಿಗೆ ಶೇ. 10 ದಂಡ ಸೇರಿ ಕಂತು ಬರುತ್ತೆ, ಆ ದಂಡ ಸಾಮಾನ್ಯವಾಗಿ ಕೊನೇವರೆಗೂ ಇರುತ್ತೆ. ಖಾಸಗಿ ವಿಮೆ 60ಕ್ಕೆ ಸಿಕ್ಕ ದರದಲ್ಲಿ 78ಕ್ಕೆ ಸಿಗಲ್ಲ, ಮೊದಲೇ ಕಾಯಿಲೆ ಇದ್ರೆ ಸಿಗದೇನೂ ಇರಬಹುದು. ಹಾಗಾಗಿ ಅಗ್ಗದ ದೇಶದಲ್ಲಿ ನೀವು ಆರೋಗ್ಯವಾಗಿರೋ ಹತ್ತು ವರ್ಷದ ಖರ್ಚು ಮಾತ್ರ ಲೆಕ್ಕ ಹಾಕಿ ಖುಷಿಪಡಬೇಡಿ, ಹಾಸಿಗೆ ಹಿಡಿದ್ರೆ ಎಲ್ಲಿರ್ತೀನಿ, ಯಾರು ಸಹಿ ಹಾಕ್ತಾರೆ, ಯಾವ ಭಾಷೆಯಲ್ಲಿ ಡಾಕ್ಟರ್ ಹತ್ರ ಮಾತಾಡ್ತೀನಿ ಅಂತ ಇವತ್ತೇ ಮನೆಯವರ ಜೊತೆ ಕೂತು ಮಾತಾಡಿ.

ಪ್ರಶ್ನೆ: ಯುಎಇಯಲ್ಲಿ 20 ವರ್ಷ ಆಯ್ತು, ಸಂಬಳಕ್ಕೆ ತೆರಿಗೆ ಇಲ್ಲ, ಚೆನ್ನಾಗೇ ಬದುಕ್ತಿದೀವಿ. ಉಳಿತಾಯ ಮಾತ್ರ ಕಮ್ಮಿ. ಕಂಪನಿಯಿಂದ ಗ್ರಾಚ್ಯುಯಿಟಿ ಬರುತ್ತಲ್ಲ ಅನ್ನೋ ಧೈರ್ಯ ಇದೆ.

ಉತ್ತರ: ಆ ಧೈರ್ಯವನ್ನ ಲೆಕ್ಕಕ್ಕೆ ಹಚ್ಚೋಣ. ಅಲ್ಲಿನ ಕಾನೂನಲ್ಲಿ ಮೊದಲ 5 ವರ್ಷಕ್ಕೆ ವರ್ಷಕ್ಕೆ 21 ದಿನದ ಬೇಸಿಕ್ ಸಂಬಳ, ಆಮೇಲೆ ವರ್ಷಕ್ಕೆ 30 ದಿನದ್ದು, ಒಟ್ಟು ಎರಡು ವರ್ಷದ ಸಂಬಳ ಮೀರೋ ಹಾಗಿಲ್ಲ. ನಿಮ್ಮ 20 ವರ್ಷಕ್ಕೆ 105 ದಿನ ಮತ್ತು 450 ದಿನ, ಸೇರಿ 555 ದಿನ, ಅಂದ್ರೆ ಹದಿನೆಂಟೂವರೆ ತಿಂಗಳ ಬೇಸಿಕ್. ಬೇಸಿಕ್ ನಿಮ್ಮ ಪೂರ್ತಿ ಪ್ಯಾಕೇಜ್‌ನಲ್ಲಿ ಅರ್ಧ ಇದ್ರೆ, ಈಗಿನ ಥರ ಬದುಕಿದ್ರೆ ಒಂಬತ್ತು ತಿಂಗಳ ದುಡ್ಡು. 20 ವರ್ಷದ ದುಡಿಮೆಗೆ ಒಂಬತ್ತು ತಿಂಗಳು.

ತೆರಿಗೆ ಇರೋ ದೇಶದಲ್ಲಿ ಸಂಬಳದಿಂದ ಕಿತ್ತುಕೊಳ್ಳೋ ದುಡ್ಡಲ್ಲಿ ಒಂದು ಭಾಗ ನಿಮ್ಮ ವೃದ್ಧಾಪ್ಯಕ್ಕೆ ಹೋಗಿರುತ್ತೆ, ಆಸ್ಟ್ರೇಲಿಯಾದಲ್ಲಿ 2025ರ ಜುಲೈಯಿಂದ ಸಂಬಳದ ಮೇಲೆ ಶೇ. 12 ಕಂಪನಿಯೇ ಕಡ್ಡಾಯವಾಗಿ ನಿವೃತ್ತಿ ನಿಧಿಗೆ ಹಾಕ್ಬೇಕು. ನಿಮಗೆ ಆ ಕೆಲಸ ಯಾರೂ ಮಾಡ್ತಿಲ್ಲ, ಕೈಗೆ ಬರೋ ಪೂರ್ತಿ ಸಂಬಳದಲ್ಲಿ ಅದೂ ಸೇರಿದೆ ಅಂತ ತಿಳ್ಕೊಂಡು ನೀವೇ ತೆಗೆದಿಡ್ಬೇಕು, ಅದೂ ಈ ತಿಂಗಳಿಂದಲೇ. ವಾಸದ ಪರವಾನಗಿ ಹೆಚ್ಚಿನವರಿಗೆ ಕೆಲಸಕ್ಕೆ ಅಂಟಿಕೊಂಡಿರುತ್ತೆ, ನಿವೃತ್ತರ ವೀಸಾ 55ರ ಮೇಲೆ ಇದೆ, ಆದ್ರೆ ಅದಕ್ಕೂ ಆಸ್ತಿ, ಉಳಿತಾಯ ಅಥವಾ ಆದಾಯ ತೋರಿಸ್ಬೇಕು, ಉಳಿತಾಯ ಇಲ್ಲದೋರಿಗೆ ಅದೂ ಇಲ್ಲ.

ಪ್ರಶ್ನೆ: ನನಗೆ 38, ಎಲ್ಲಿ ಸೆಟ್ಲ್ ಆಗ್ತೀನೋ ಗೊತ್ತಿಲ್ಲ. ಈಗ ಏನು ಮಾಡಿದ್ರೆ ಮುಂದೆ ಉಪಯೋಗ?

ಉತ್ತರ: ದುಡಿದ ಪ್ರತಿ ದೇಶದ ಪೆನ್ಷನ್ ನಂಬರ್, ಸಂಬಳದ ಸ್ಲಿಪ್, ಕಟ್ಟಿದ ವರ್ಷಗಳ ದಾಖಲೆ ಇವನ್ನ ಈಗಲೇ ತೆಗೆದು ಎರಡು ಕಡೆ ಇಡಿ. ಬ್ರಿಟನ್, ಅಮೆರಿಕ ಎರಡೂ ಕಡೆ ನಿಮ್ಮ ಖಾತೆಯನ್ನ ಆನ್‌ಲೈನ್‌ನಲ್ಲೇ ನೋಡಬಹುದು. ದೇಶ ಬಿಡೋ ಮುಂಚೆ ಇನ್ನೆಷ್ಟು ತಿಂಗಳಿಗೆ ಕನಿಷ್ಠ ಅರ್ಹತೆ ಪೂರ್ತಿ ಆಗುತ್ತೆ ಅಂತ ನೋಡಿ, ಬ್ರಿಟನ್‌ನಲ್ಲಿ ಅದು 10 ವರ್ಷ, ಪೂರ್ತಿ ಪೆನ್ಷನ್‌ಗೆ 35. ಪೆನ್ಷನ್ ವಯಸ್ಸು ಈಗ ಹೇಳಿದಷ್ಟೇ ಇರುತ್ತೆ ಅಂತ ನಂಬ್ಕೊಂಡು ಕೂರಬೇಡಿ, ಡೆನ್ಮಾರ್ಕ್ 2025ರ ಮೇನಲ್ಲಿ ಅದನ್ನ 2040ರ ಹೊತ್ತಿಗೆ 70ಕ್ಕೆ ಏರಿಸೋ ಕಾನೂನು ಮಾಡಿದೆ, ಚೀನಾ 2025ರ ಜನವರಿಯಿಂದ 15 ವರ್ಷದಲ್ಲಿ ಹಂತ ಹಂತವಾಗಿ ಗಂಡಸರಿಗೆ 60ರಿಂದ 63ಕ್ಕೆ ಏರಿಸ್ತಿದೆ. ಉಳಿತಾಯವನ್ನ ಒಂದೇ ದೇಶದ ಶೇರಲ್ಲಿ ಇಡದೆ ಹಲವು ದೇಶಗಳ ಮಾರುಕಟ್ಟೆ ಸೇರಿರೋ ಫಂಡಲ್ಲಿ ಇಟ್ರೆ ಎಲ್ಲಿ ನೆಲೆ ನಿಂತ್ರೂ ಒಂದೇ ದೇಶದ ಕುಸಿತಕ್ಕೆ ಪೂರ್ತಿ ದುಡ್ಡು ಸಿಕ್ಕಿಹಾಕ್ಕೊಳ್ಳಲ್ಲ. ಮುಂದೆ ಯಾವುದೋ ದೇಶ ಮನಸ್ಸಿಗೆ ಬಂದ್ರೆ ಮೊದಲು ಅಲ್ಲಿ ಅತಿ ಕೆಟ್ಟ ಹವಾಮಾನದ ನಾಲ್ಕೈದು ತಿಂಗಳು ಬಾಡಿಗೆಗೆ ಇದ್ದು ನೋಡಿ, ಒಂದು ಸಲ ಆದ್ರೂ ಅಲ್ಲಿನ ಆಸ್ಪತ್ರೆಗೆ ಹೋಗಿ ಪೂರ್ತಿ ಚೆಕಪ್ ಮಾಡಿಸಿ ಬಿಲ್ ನೋಡಿ, ಅಲ್ಲೀವರೆಗೂ ಇರೋ ಮನೆ ಮಾರಬೇಡಿ.